ಕಡಿಮೆ ಖರ್ಚಿನಲ್ಲಿ ಮನೆಯಲ್ಲೇ ಆಹಾರದ ಫ್ರೀಜ್ ಡ್ರೈಯಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಣ್ಣು, ತರಕಾರಿ, ಮಾಡಿದ ಅಡುಗೆ, ಮೊಸರು ಮುಂತಾದವುಗಳನ್ನು ಫ್ರೀಜ್ ಡ್ರೈ ಮಾಡಿ ವರ್ಷಗಟ್ಟಲೆ ಇಟ್ಟುಕೊಳ್ಳಬಹುದೆಂಬುದು ಈಗ ಬಹಳ ಮಂದಿಗೆ ತಿಳಿದಿದೆ. ಆದರೆ ಯಂತ್ರದ ಬೆಲೆ ಕೇಳಿದ ಮೇಲೆ ಹೆಚ್ಚಿನವರು ಅಗ್ಗದ ದಾರಿ ಹುಡುಕತೊಡಗುತ್ತಾರೆ. ಹಾಗೆ ಹುಡುಕುವಾಗ ಸಿಗುವ ಸಲಹೆಗಳಲ್ಲಿ ಕೆಲವು ಉಪಯುಕ್ತ, ಕೆಲವು ನಿಷ್ಪ್ರಯೋಜಕ, ಇನ್ನು ಕೆಲವು ಅಪಾಯಕಾರಿ. ಅವುಗಳನ್ನು ಬೇರ್ಪಡಿಸಿ ಹೇಳುವ ಉದ್ದೇಶದಿಂದ, ಕರ್ನಾಟಕದ ಮನೆಗಳನ್ನೂ ವಿದೇಶದಲ್ಲಿ ನೆಲೆಸಿರುವ ಕನ್ನಡಿಗರ ಮನೆಗಳನ್ನೂ ಗಮನದಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ.

ಬಿಸಿಲಿನಲ್ಲಿ ಒಣಗಿಸುವುದಕ್ಕೂ ಫ್ರೀಜ್ ಡ್ರೈಯಿಂಗ್‌ಗೂ ವ್ಯತ್ಯಾಸವೇನು?

ಬಿಸಿಲಿನಲ್ಲಾಗಲಿ ವಿದ್ಯುತ್ ಡ್ರೈಯರ್‌ನಲ್ಲಾಗಲಿ ಒಣಗಿಸುವಾಗ ಪದಾರ್ಥದ ಒಳಗಿರುವ ನೀರು ದ್ರವರೂಪದಲ್ಲೇ ಮೇಲ್ಮೈಗೆ ಬಂದು ಆವಿಯಾಗುತ್ತದೆ. ಹಾಗೆ ಬರುವಾಗ ತನ್ನಲ್ಲಿ ಕರಗಿರುವ ಸಕ್ಕರೆಯನ್ನೂ ಉಪ್ಪನ್ನೂ ಹೊರಕ್ಕೆ ಎಳೆದು ತರುತ್ತದೆ, ಜೀವಕೋಶಗಳು ಕುಗ್ಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಶಾಖಕ್ಕೆ ಬಣ್ಣವೂ ಪರಿಮಳವೂ ಸ್ವಲ್ಪ ಮಟ್ಟಿಗೆ ಕಳೆದುಹೋಗುತ್ತವೆ. ಫ್ರೀಜ್ ಡ್ರೈಯಿಂಗ್‌ನಲ್ಲಿ ಮೊದಲು ಪದಾರ್ಥದ ನೀರನ್ನೆಲ್ಲ ಗಡ್ಡೆಕಟ್ಟಿಸಿ, ಆಮೇಲೆ ಸುತ್ತಲಿನ ಗಾಳಿಯನ್ನು ಪಂಪಿನಿಂದ ಹೊರತೆಗೆದು, ಮಂಜುಗಡ್ಡೆಯು ಕರಗದೆ ನೇರವಾಗಿ ಆವಿಯಾಗುವಂತೆ ಮಾಡುತ್ತಾರೆ. ಈ ಕ್ರಿಯೆಯ ಹೆಸರು ಉತ್ಪತನ. ಮಂಜುಗಡ್ಡೆ ಇದ್ದ ಜಾಗವು ಸಣ್ಣ ಸಣ್ಣ ರಂಧ್ರಗಳಾಗಿ ಉಳಿಯುವುದರಿಂದ ತುಂಡಿನ ಆಕಾರ ಹಾಗೆಯೇ ಇರುತ್ತದೆ, ಮತ್ತು ನೀರು ಹಾಕಿದ ಕೂಡಲೇ ಆ ರಂಧ್ರಗಳ ಮೂಲಕ ಒಳಗಿಳಿದು ಪದಾರ್ಥ ಬಹುಮಟ್ಟಿಗೆ ಮೊದಲಿನ ಸ್ಥಿತಿಗೆ ಬರುತ್ತದೆ.

ಉತ್ಪತನಕ್ಕೆ ಪ್ರಕೃತಿ ಹಾಕಿರುವ ನಿಬಂಧನೆ ಕಠಿಣವಾದದ್ದು. ನೀರಿನ ತ್ರಿಕ ಬಿಂದುವು, ಅಂದರೆ ಮಂಜುಗಡ್ಡೆ, ನೀರು, ಆವಿ ಮೂರೂ ಒಟ್ಟಿಗೆ ಇರಬಲ್ಲ ಸ್ಥಿತಿಯು, 0.01 ಡಿಗ್ರಿ ಸೆಲ್ಸಿಯಸ್ ಮತ್ತು ಸುಮಾರು 6.1 ಮಿಲಿಬಾರ್ ಒತ್ತಡದಲ್ಲಿದೆ; ಒತ್ತಡ ಇದಕ್ಕಿಂತ ಕಡಿಮೆಯಾದರೆ ಮಾತ್ರ ಮಂಜುಗಡ್ಡೆಯು ನೀರಾಗದೆ ನೇರವಾಗಿ ಆವಿಯಾಗುತ್ತದೆ. ಸಮುದ್ರಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 1013 ಮಿಲಿಬಾರ್. ಅಂದರೆ ಒತ್ತಡವನ್ನು ನೂರೈವತ್ತರಲ್ಲಿ ಒಂದು ಪಾಲಿಗಿಂತಲೂ ಕೆಳಗೆ ಇಳಿಸಬೇಕು, ಮತ್ತು ಆಹಾರದ ಕೆಲಸಕ್ಕೆ ಸಾಮಾನ್ಯವಾಗಿ 1 ಮಿಲಿಬಾರ್‌ಗೂ ಕೆಳಗೆ ಹೋಗಬೇಕಾಗುತ್ತದೆ. ಅಗ್ಗದ ಉಪಾಯಗಳಲ್ಲಿ ಹೆಚ್ಚಿನವು ಸೋಲುವುದು ಇಲ್ಲಿಯೇ.

ಯಂತ್ರದಲ್ಲಿ ಯಾವ ಭಾಗವನ್ನು ಬಿಟ್ಟು ಖರ್ಚು ಉಳಿಸಬಹುದು?

ಮೂಲಭೂತ ಭಾಗಗಳು ನಾಲ್ಕು: ಗಾಳಿ ನುಸುಳದ ಕೋಣೆ, ನಿರ್ವಾತ ಪಂಪು, ಆವಿಯನ್ನು ಹಿಡಿಯುವ ಅತಿ ಶೀತಲವಾದ ಮೇಲ್ಮೈ, ಮತ್ತು ತಟ್ಟೆಗಳಿಗೆ ಹದವಾದ ಶಾಖ ಕೊಡುವ ವ್ಯವಸ್ಥೆ. ಇವುಗಳಲ್ಲಿ ಯಾವುದನ್ನೂ ಪೂರ್ತಿಯಾಗಿ ಬಿಡಲಾಗದು. ಹೆಚ್ಚಿನವರು ಬಿಟ್ಟುಬಿಡಬಹುದೆಂದು ಭಾವಿಸುವುದು ಮೂರನೆಯದನ್ನು, ಅಂದರೆ ಆವಿ ಹಿಡಿಯುವ ಶೀತಲ ಬಲೆಯನ್ನು. ಆದರೆ ಅದೇ ಇಡೀ ವ್ಯವಸ್ಥೆಯ ಹೃದಯ.

ಕಾರಣವನ್ನು ಲೆಕ್ಕದಲ್ಲೇ ನೋಡಬಹುದು. 1 ಗ್ರಾಂ ಮಂಜುಗಡ್ಡೆಯು 1 ಮಿಲಿಬಾರ್ ಒತ್ತಡದಲ್ಲಿ ಆವಿಯಾದರೆ ಸುಮಾರು 1,200 ಲೀಟರ್ ಜಾಗವನ್ನು ತುಂಬುತ್ತದೆ. 1 ಕಿಲೋ ನೀರಿಗೆ ಅದು 12 ಲಕ್ಷ ಲೀಟರ್ ಆಯಿತು. ನಿಮಿಷಕ್ಕೆ 100 ಲೀಟರ್ ಎಳೆಯುವ ಪಂಪು ಅಷ್ಟನ್ನು ಹೊರಹಾಕಲು ಎಂಟು ದಿನಗಳಿಗೂ ಹೆಚ್ಚು ಕಾಲ ಎಡೆಬಿಡದೆ ಓಡಬೇಕು; ಅದಕ್ಕೂ ಬಹಳ ಮೊದಲೇ ಪಂಪಿನ ಎಣ್ಣೆಯಲ್ಲಿ ನೀರು ಸೇರಿ ಅದು ಹಾಲಿನಂತೆ ಬೆಳ್ಳಗಾಗಿ, ನಿರ್ವಾತವೇ ನಿಲ್ಲದಂತಾಗುತ್ತದೆ. ಸುಮಾರು −40 ಡಿಗ್ರಿಯಲ್ಲಿರುವ ಒಂದು ಲೋಹದ ಮೇಲ್ಮೈ ಇದ್ದರೆ ಆವಿಯು ಪಂಪಿನವರೆಗೆ ಹೋಗುವ ಮೊದಲೇ ಅದರ ಮೇಲೆ ಹಿಮವಾಗಿ ಕೂರುತ್ತದೆ, ಪಂಪಿಗೆ ಉಳಿಯುವುದು ಗಾಳಿಯನ್ನು ತೆಗೆಯುವ ಕೆಲಸ ಮಾತ್ರ. −40 ಡಿಗ್ರಿಯಲ್ಲಿ ಮಂಜುಗಡ್ಡೆಯ ಆವಿಯೊತ್ತಡ (ಅದರಿಂದ ಹೊರಡುವ ಆವಿಯು ಉಂಟುಮಾಡುವ ಒತ್ತಡ) 0.13 ಮಿಲಿಬಾರ್, −20 ಡಿಗ್ರಿಯಲ್ಲಿ ಸುಮಾರು 1 ಮಿಲಿಬಾರ್. ಆಹಾರದಿಂದ ಬಲೆಯ ಕಡೆಗೆ ಆವಿಯನ್ನು ದೂಡುವುದು ಈ ವ್ಯತ್ಯಾಸವೇ.

ಸಿದ್ಧ ಯಂತ್ರಕ್ಕೆ ಎಷ್ಟು ಹಣ ಬೇಕು?

ಮನೆಬಳಕೆಗೆಂದೇ ತಯಾರಾಗುವ ಯಂತ್ರಗಳಲ್ಲಿ ಅಮೆರಿಕದ ಯೂಟಾ ರಾಜ್ಯದ ಹಾರ್ವೆಸ್ಟ್ ರೈಟ್ ಕಂಪನಿಯವು ಹೆಚ್ಚು ಪರಿಚಿತ. ಅವುಗಳಲ್ಲಿ ಚಿಕ್ಕದರ ಬೆಲೆಯೂ ಸುಮಾರು ಎರಡು ಸಾವಿರ ಡಾಲರ್ ಅಥವಾ ಅದಕ್ಕಿಂತ ಮೇಲಿರುತ್ತದೆ. ಭಾರತಕ್ಕೆ ತರಿಸಿದರೆ ಸಾಗಣೆ, ಸುಂಕಗಳು ಸೇರಿ ಇನ್ನೂ ಏರುತ್ತದೆ. ಭಾರತದಲ್ಲಿ ತಯಾರಾಗುವ ಯಂತ್ರಗಳು ಬಹುತೇಕ ಔಷಧ ಕಂಪನಿಗಳು ಮತ್ತು ಪ್ರಯೋಗಾಲಯಗಳಿಗಾಗಿ ರೂಪಿಸಿದವು. ಪ್ರಯೋಗಾಲಯಗಳು ಮಾರಿಬಿಡುವ ಹಳೆಯ ಯಂತ್ರಗಳು ಅಗ್ಗವಾಗಿ ಸಿಗುವುದುಂಟು, ಆದರೆ ಅದರಲ್ಲಿ ಹಿಂದೆ ಏನನ್ನು ಒಣಗಿಸಿದ್ದರು ಎಂಬುದು ಖಚಿತವಾಗಿ ತಿಳಿಯದಿದ್ದರೆ ಅದನ್ನು ಆಹಾರಕ್ಕೆ ಬಳಸಲೇಬಾರದು. ರಾಸಾಯನಿಕಗಳ, ರೋಗಾಣುಗಳ ಶೇಷವು ರಬ್ಬರ್ ಸೀಲುಗಳಲ್ಲಿ, ಕೊಳವೆಗಳಲ್ಲಿ ಉಳಿದಿರಬಹುದು. ತೊಳೆದರೆ ಹೋಗುತ್ತದೆಂಬ ಭರವಸೆ ಇಲ್ಲ.

ಪಂಪಿಲ್ಲದೆ, ಮನೆಯ ಫ್ರಿಜ್ಜಿನಲ್ಲೇ ಇದನ್ನು ಮಾಡಲು ಸಾಧ್ಯವೇ?

ಅಲ್ಪಮಟ್ಟಿಗೆ ಸಾಧ್ಯ, ಆದರೆ ನಿಧಾನ ಮತ್ತು ಅಪೂರ್ಣ. ಫ್ರೀಜರಿನಲ್ಲಿ ಮುಚ್ಚದೆ ಬಹುದಿನ ಇಟ್ಟ ಬಟಾಣಿಯೋ ಮೀನೋ ಬಿಳಿಚಿಕೊಂಡು ಒಣಗುವುದನ್ನು ಎಲ್ಲರೂ ನೋಡಿರುತ್ತಾರೆ, ಅದು ಉತ್ಪತನವೇ. ಫ್ರಾಸ್ಟ್ ಫ್ರೀ ಫ್ರಿಜ್ಜಿನಲ್ಲಿ ಫ್ಯಾನು ಒಣಗಾಳಿಯನ್ನು ಸುತ್ತಾಡಿಸುವುದರಿಂದ ಈ ಕ್ರಿಯೆ ಸ್ವಲ್ಪ ಬೇಗ ನಡೆಯುತ್ತದೆ. ತೀರ ತೆಳುವಾಗಿ ಹೆಚ್ಚಿದ ತರಕಾರಿಯನ್ನು ಜಾಲರಿಯ ಮೇಲೆ ಹರಡಿ ಫ್ರೀಜರಿನಲ್ಲಿ ಇಟ್ಟರೆ ಕೆಲವು ವಾರಗಳಲ್ಲಿ ಸಾಕಷ್ಟು ಹಗುರವಾಗುತ್ತದೆ. ಆದರೆ −18 ಡಿಗ್ರಿಯಲ್ಲಿ ಮಂಜುಗಡ್ಡೆಯ ಆವಿಯೊತ್ತಡ ಕೇವಲ 1.25 ಮಿಲಿಬಾರ್. 30 ಡಿಗ್ರಿಯ ಬಿಸಿಲಿನಲ್ಲಿರುವ ನೀರಿನ ಆವಿಯೊತ್ತಡ ಸುಮಾರು 42. ಅಂದಮೇಲೆ ಫ್ರೀಜರಿನ ಒಣಗಿಸುವ ಶಕ್ತಿ ಎಷ್ಟು ದುರ್ಬಲ ಎಂಬುದು ತಾನಾಗಿಯೇ ತಿಳಿಯುತ್ತದೆ. ಅಷ್ಟು ದಿನಗಳಲ್ಲಿ ಪದಾರ್ಥವು ಫ್ರಿಜ್ಜಿನ ಇತರ ವಾಸನೆಗಳನ್ನು ಹೀರಿಕೊಳ್ಳುತ್ತದೆ, ದಪ್ಪ ತುಂಡುಗಳ ಒಳಭಾಗದಲ್ಲಿ ಮಂಜು ಉಳಿದೇ ಇರುತ್ತದೆ.

ಇಲ್ಲಿ ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಗಳ ಉದಾಹರಣೆಯನ್ನು ಬಹಳ ಮಂದಿ ಎತ್ತುತ್ತಾರೆ. ಪೆರು ಮತ್ತು ಬೊಲಿವಿಯದ ಎತ್ತರದ ಬಯಲಿನಲ್ಲಿ, 3,800 ಮೀಟರಿಗೂ ಮೇಲೆ, ಆಲೂಗಡ್ಡೆಯನ್ನು ರಾತ್ರಿಯ ಹಿಮಕ್ಕೆ ಬಿಟ್ಟು, ಹಗಲಿನಲ್ಲಿ ಕಾಲಿನಿಂದ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ಚುನ್ಯೊ ಎಂಬ ಪದಾರ್ಥವನ್ನು ಮಾಡುವ ಪದ್ಧತಿ ಶತಮಾನಗಳಿಂದ ಇದೆ. ಜಪಾನಿನಲ್ಲಿ ತೋಫುವನ್ನು ಚಳಿಗೆ ಗಡ್ಡೆಕಟ್ಟಿಸಿ ಒಣಗಿಸುವ ಕೋಯಾ ದೋಫು ಕೂಡ ಇದೇ ಜಾತಿಯದು. ಇವು ಅದ್ಭುತವಾದ ವಿದ್ಯೆಗಳು. ಆದರೆ ಅಲ್ಲಿ ನೀರಿನ ದೊಡ್ಡ ಪಾಲು ಹೋಗುವುದು ಹಿಂಡುವುದರಿಂದ ಮತ್ತು ಒಣ ಹವೆಯಿಂದ, ನಿರ್ವಾತದಿಂದಲ್ಲ. ನಮ್ಮ ಹವಾಮಾನದಲ್ಲಿ ಅದನ್ನು ಅನುಕರಿಸಲು ಬಾರದು.

ಫ್ರಿಜ್ಜಿನಿಂದ ನಿಜವಾಗಿ ಪ್ರಯೋಜನ ಪಡೆಯಬೇಕೆಂದರೆ ಸೊಪ್ಪಿಗೆ ಬಳಸುವುದು ಒಳ್ಳೆಯದು. ತೊಳೆದು ನೆರಳಿನಲ್ಲಿ ನೀರಾರಿಸಿದ ಕರಿಬೇವಿನ ಎಸಳುಗಳನ್ನು ಫ್ರಾಸ್ಟ್ ಫ್ರೀ ಫ್ರಿಜ್ಜಿನ ಕೆಳಭಾಗದಲ್ಲಿ, ತೆರೆದ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿಟ್ಟರೆ ಕೆಲವೇ ದಿನಗಳಲ್ಲಿ ಅವು ಹಸಿರು ಬಣ್ಣ ಉಳಿಸಿಕೊಂಡೇ ಗರಿಗರಿಯಾಗುತ್ತವೆ. ಇದು ಫ್ರೀಜ್ ಡ್ರೈಯಿಂಗ್ ಅಲ್ಲ, ತಣ್ಣನೆಯ ಒಣಗಾಳಿಯಲ್ಲಿ ಒಣಗಿಸುವುದು ಅಷ್ಟೇ. ಆದರೆ ಖರ್ಚಿಲ್ಲದೆ ಸಿಗುವ ಫಲ.

ಡ್ರೈ ಐಸ್ ತುಂಬಿದ ಪೆಟ್ಟಿಗೆಯಲ್ಲಿಟ್ಟರೆ ಒಂದು ದಿನದಲ್ಲಿ ಫ್ರೀಜ್ ಡ್ರೈ ಆಗುತ್ತದೆ ಎನ್ನುತ್ತಾರಲ್ಲ?

ಆಗುವುದಿಲ್ಲ. ಡ್ರೈ ಐಸ್ ಎಂದರೆ ಗಡ್ಡೆಕಟ್ಟಿದ ಇಂಗಾಲದ ಡೈಆಕ್ಸೈಡ್; ಅದರ ಉಷ್ಣತೆ −78.5 ಡಿಗ್ರಿ. ಆ ಚಳಿಯಲ್ಲಿ ನೀರಿನ ಮಂಜುಗಡ್ಡೆಯ ಆವಿಯೊತ್ತಡವು ಒಂದು ಮಿಲಿಬಾರ್‌ನ ಸಾವಿರದಲ್ಲೊಂದು ಪಾಲಿಗೂ ಕಡಿಮೆ. ಹೀಗಾಗಿ ಪೆಟ್ಟಿಗೆಯೊಳಗಿನ ಅನಿಲ ಎಷ್ಟೇ ಒಣಗಿದ್ದರೂ ಆಹಾರದಿಂದ ನೀರು ಹೊರಬರುವುದೇ ಇಲ್ಲ. ಸಿಗುವುದು ಅತಿ ವೇಗವಾಗಿ, ಅತಿ ಗಟ್ಟಿಯಾಗಿ ಗಡ್ಡೆಕಟ್ಟಿದ ಆಹಾರ. ಹೊರತೆಗೆದು ಇಟ್ಟರೆ ಅದು ಕರಗಿ ಒದ್ದೆಯಾಗುತ್ತದೆ. ಅಂಥ ಆಹಾರವನ್ನು ಒಣಗಿದೆಯೆಂದು ನಂಬಿ ಡಬ್ಬಿಯಲ್ಲಿಟ್ಟರೆ ಅದು ಕೆಡುವುದು ಖಂಡಿತ.

ಡ್ರೈ ಐಸ್ ತರುವವರು ಇನ್ನೊಂದು ಸಂಗತಿಯನ್ನು ಮರೆಯಬಾರದು. 1 ಕಿಲೋ ಡ್ರೈ ಐಸ್ ಆವಿಯಾದರೆ ಐನೂರು ಲೀಟರಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತದೆ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಅದು ಉಸಿರುಗಟ್ಟಿಸುತ್ತದೆ, ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನು ಸಿಡಿಸುತ್ತದೆ. ಬರಿಗೈಯಿಂದ ಮುಟ್ಟಿದರೆ ಚರ್ಮ ಸುಡುತ್ತದೆ.

ಹಳೆಯ ಫ್ರಿಜ್ಜಿನ ಕಂಪ್ರೆಸರ್ ಅಥವಾ ಅಡುಗೆಮನೆಯ ವ್ಯಾಕ್ಯೂಮ್ ಸೀಲರ್ ಸಾಕಾಗುವುದಿಲ್ಲವೇ?

ಎರಡೂ ಸಾಕಾಗುವುದಿಲ್ಲ. ಸೀಲರ್ ಚೀಲದೊಳಗಿನ ಗಾಳಿಯಲ್ಲಿ ಬಹುಪಾಲನ್ನು ತೆಗೆಯುತ್ತದಾದರೂ ಉಳಿಯುವ ಒತ್ತಡ ನೂರಾರು ಮಿಲಿಬಾರ್. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನು ತಿರುವುಮುರುವಾಗಿ ಜೋಡಿಸಿದರೆ ಸಾಮಾನ್ಯವಾಗಿ ಹತ್ತಾರು ಮಿಲಿಬಾರ್‌ನಲ್ಲಿ ನಿಂತುಬಿಡುತ್ತದೆ. ಬೇಕಾಗಿರುವುದು ಎ.ಸಿ. ಮೆಕ್ಯಾನಿಕ್‌ಗಳು ಗ್ಯಾಸ್ ತುಂಬುವ ಮೊದಲು ಬಳಸುವಂಥ, ಎಣ್ಣೆಯಲ್ಲಿ ಓಡುವ, ಎರಡು ಹಂತದ ರೋಟರಿ ಪಂಪು. ಇದು ಒಣಗಾಳಿಯನ್ನು 0.1 ಮಿಲಿಬಾರ್‌ಗೂ ಕೆಳಗೆ ಇಳಿಸಬಲ್ಲದು, ಮತ್ತು ರೆಫ್ರಿಜರೇಷನ್ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತದೆ.

ಹಾಗಾದರೆ ಪಂಪು ಕೊಂಡು ಸ್ವತಃ ಯಂತ್ರ ಕಟ್ಟಬಹುದೇ?

ಶೈತ್ಯೀಕರಣದ ಕೆಲಸ ಬಲ್ಲವರು ಕಟ್ಟಬಹುದು, ಕಟ್ಟಿದವರೂ ಇದ್ದಾರೆ. ದಪ್ಪ ಗೋಡೆಯ ಸ್ಟೀಲ್ ಪಾತ್ರೆ, ಅದರ ಮತ್ತು ಪಂಪಿನ ನಡುವೆ ಶೀತಲ ಬಲೆ, ಒತ್ತಡವನ್ನು ತೋರಿಸುವ ಗೇಜು, ಸಿಲಿಕೋನ್ ಸೀಲುಗಳು, ತಟ್ಟೆಗಳ ಕೆಳಗೆ ಥರ್ಮೋಸ್ಟಾಟ್ ಇರುವ ಹೀಟಿಂಗ್ ಮ್ಯಾಟ್, ಇಷ್ಟು ಬೇಕು. ಗೇಜು ನಿಜವಾಗಿ ಕಡಿಮೆ ಒತ್ತಡವನ್ನು ಅಳೆಯುವಂಥದ್ದಾಗಿರಬೇಕು. ಸಾಮಾನ್ಯ ಮುಳ್ಳಿನ ಗೇಜಿನಲ್ಲಿ 20 ಮಿಲಿಬಾರ್‌ಗೂ 1 ಮಿಲಿಬಾರ್‌ಗೂ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ನಮ್ಮ ಕೆಲಸ ಆಗುವುದೂ ಕೆಡುವುದೂ ಆ ಅಂತರದಲ್ಲಿಯೇ.

ಬಲೆಯನ್ನು ತಣ್ಣಗಿಡಲು ಡ್ರೈ ಐಸ್ ಬಳಸುವುದೇ ಅಗ್ಗದ ದಾರಿಯೆಂದು ತೋರುತ್ತದೆ. ಲೆಕ್ಕ ಹಾಕಿದರೆ ಬೇರೆಯೇ ಚಿತ್ರ ಸಿಗುತ್ತದೆ. 1 ಕಿಲೋ ನೀರಾವಿ ಹಿಮವಾಗುವಾಗ ಸುಮಾರು 2,840 ಕಿಲೋಜೂಲ್ ಶಾಖ ಬಿಡುಗಡೆಯಾಗುತ್ತದೆ. 1 ಕಿಲೋ ಡ್ರೈ ಐಸ್ ಆವಿಯಾಗುವಾಗ ಹೀರುವುದು ಸುಮಾರು 570 ಕಿಲೋಜೂಲ್. ಆದ್ದರಿಂದ ತೆಗೆಯುವ ಪ್ರತಿ ಕಿಲೋ ನೀರಿಗೆ ಕನಿಷ್ಠ 5 ಕಿಲೋ ಡ್ರೈ ಐಸ್ ಬೇಕು, ಹೊರಗಿನ ಶಾಖ ನುಸುಳುವುದನ್ನು ಸೇರಿಸಿದರೆ ಇನ್ನೂ ಹೆಚ್ಚು. ಒಂದೆರಡು ಪ್ರಯೋಗಕ್ಕೆ ಇದು ಸರಿ, ವರ್ಷವಿಡೀ ಮಾಡುವವರಿಗೆ ಅಲ್ಲ. ಉಪ್ಪು ಬೆರೆಸಿದ ಐಸ್ ಹೆಚ್ಚೆಂದರೆ −21 ಡಿಗ್ರಿಗೆ ಇಳಿಯುತ್ತದೆ. ಸಕ್ಕರೆಯಂಶವಿರುವ ಹಣ್ಣುಗಳು ಇನ್ನೂ ಆಳವಾದ ಚಳಿಯನ್ನು ಬಯಸುತ್ತವೆ, ಏಕೆಂದರೆ ಸಕ್ಕರೆಯ ದ್ರಾವಣವು ಸುಮಾರು −32 ಡಿಗ್ರಿಗಿಂತ ಬೆಚ್ಚಗಾದರೆ ಮೆದುವಾಗಿ, ನಿರ್ವಾತದಲ್ಲಿ ಉಬ್ಬಿ ಕುಸಿಯುತ್ತದೆ.

ಸುರಕ್ಷತೆಯ ವಿಷಯದಲ್ಲಿ ರಾಜಿ ಸಲ್ಲದು. ಒಳಗೆ ನಿರ್ವಾತವಿರುವ ಪಾತ್ರೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು ಒಂದು ಕಿಲೋ ಭಾರ ಬೀಳುತ್ತದೆ. 30 ಸೆಂಟಿಮೀಟರ್ ಅಗಲದ ದುಂಡನೆಯ ಮುಚ್ಚಳದ ಮೇಲೆ ಅದು ಏಳುನೂರು ಕಿಲೋಗೂ ಹೆಚ್ಚು. ಉಪ್ಪಿನಕಾಯಿ ಜಾಡಿ, ಗಾಜಿನ ಬರಣಿ, ತೆಳು ಪ್ಲಾಸ್ಟಿಕ್ ಡಬ್ಬಿ, ಸಾಧಾರಣ ಗಾಜಿನ ಮುಚ್ಚಳ, ಇವು ಯಾವುವೂ ಆ ಭಾರಕ್ಕೆ ತಯಾರಾದವಲ್ಲ. ಒಳಕ್ಕೆ ಸಿಡಿದು ಚೂರುಗಳು ಕೋಣೆಯ ತುಂಬ ಹಾರುತ್ತವೆ. ಲೋಹದ ಕೆಲಸವನ್ನೂ ವಿದ್ಯುತ್ ಕೆಲಸವನ್ನೂ ಚೆನ್ನಾಗಿ ಬಲ್ಲವರ ನೆರವಿಲ್ಲದೆ ಇದಕ್ಕೆ ಕೈ ಹಾಕಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಶೀತಲ ಬಲೆಯ ಬದಲು ಸಿಲಿಕಾ ಜೆಲ್ ಹಾಕಬಹುದೇ?

ಸಿಲಿಕಾ ಜೆಲ್ ತನ್ನ ತೂಕದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ನೀರನ್ನು ಸಾಮಾನ್ಯವಾಗಿ ಹಿಡಿಯುವುದಿಲ್ಲ. 1 ಕಿಲೋ ನೀರಿಗೆ ಮೂರು ಕಿಲೋಗೂ ಹೆಚ್ಚು ಜೆಲ್ ಬೇಕು, ಪ್ರತಿ ಬಾರಿಯೂ ಅದನ್ನು ಓವನ್ನಿನಲ್ಲಿ ಕಾಯಿಸಿ ಒಣಗಿಸಬೇಕು. ನೀಲಿ ಬಣ್ಣದ ಜೆಲ್‌ನಲ್ಲಿ ವಿಷಕಾರಿಯಾದ ಕೋಬಾಲ್ಟ್ ಕ್ಲೋರೈಡ್ ಇರುವುದರಿಂದ ಅದನ್ನು ಆಹಾರದ ಹತ್ತಿರಕ್ಕೂ ತರಬಾರದು.

ವಿದ್ಯುತ್ ಖರ್ಚು ಎಷ್ಟಾದೀತು?

ಸಿದ್ಧಾಂತದ ಪ್ರಕಾರ 1 ಕಿಲೋ ಮಂಜುಗಡ್ಡೆಯನ್ನು ಆವಿ ಮಾಡಲು 0.8 ಯೂನಿಟ್‌ಗಿಂತ ಸ್ವಲ್ಪ ಕಡಿಮೆ ವಿದ್ಯುತ್ ಸಾಕು. ವಾಸ್ತವದಲ್ಲಿ ಕಂಪ್ರೆಸರೂ ಪಂಪೂ ಗಂಟೆಗಟ್ಟಲೆ ಓಡುವುದರಿಂದ ಖರ್ಚು ಅದರ ಹಲವು ಪಟ್ಟಾಗುತ್ತದೆ. ಮನೆಯ ಯಂತ್ರಗಳಲ್ಲಿ ಒಂದು ಬಾರಿಯ ಕೆಲಸಕ್ಕೆ 20ರಿಂದ 40 ಗಂಟೆ ಹಿಡಿಯುತ್ತದೆ. ಯಂತ್ರವು ಸರಾಸರಿ 800 ವಾಟ್ ಎಳೆಯುತ್ತದೆ, 30 ಗಂಟೆ ಓಡುತ್ತದೆ ಎಂದು ಇಟ್ಟುಕೊಂಡರೆ 24 ಯೂನಿಟ್ ಆಯಿತು. ಯೂನಿಟ್‌ಗೆ ₹7ರಂತೆ ₹168. ಒಂದು ಬಾರಿಗೆ 4 ಕಿಲೋ ಮಾವಿನ ಹೋಳು ಹಾಕಿದರೆ, ಮಾವಿನಲ್ಲಿ ಸುಮಾರು ಶೇ 83ರಷ್ಟು ನೀರಿರುವುದರಿಂದ, ಕೈಗೆ ಸಿಗುವುದು ಏಳುನೂರು ಗ್ರಾಂ ಚಿಲ್ಲರೆ. ಇದಕ್ಕೆ ಯಂತ್ರದ ಬೆಲೆಯ ಪಾಲನ್ನೂ ಸೇರಿಸಬೇಕು: ₹2.5 ಲಕ್ಷದ ಯಂತ್ರದಲ್ಲಿ 500 ಬಾರಿ ಒಣಗಿಸಿದರೆ ಪ್ರತಿ ಬಾರಿಗೆ ₹500, 50 ಬಾರಿ ಮಾತ್ರ ಒಣಗಿಸಿದರೆ ₹5,000. ಖರ್ಚನ್ನು ನಿರ್ಧರಿಸುವುದು ಕರೆಂಟ್ ಬಿಲ್ಲಿಗಿಂತ ಹೆಚ್ಚಾಗಿ ಯಂತ್ರ ಎಷ್ಟು ಬಾರಿ ಓಡುತ್ತದೆ ಎಂಬುದೇ. ತಿಂಗಳಿಗೆ ಒಂದೆರಡು ಬಾರಿ ಮಾತ್ರ ಬಳಸುವ ಮನೆಯವರು ಒಂಟಿಯಾಗಿ ಯಂತ್ರ ಕೊಳ್ಳದೆ, ನಾಲ್ಕೈದು ಮನೆಯವರು, ಅಪಾರ್ಟ್‌ಮೆಂಟಿನ ಗೆಳೆಯರು ಅಥವಾ ಸ್ವಸಹಾಯ ಸಂಘದವರು ಸೇರಿ ಕೊಳ್ಳುವುದು ಲೇಸು.

ಯಾವುದನ್ನು ಒಣಗಿಸಬೇಕು, ಯಾವುದನ್ನು ಬಿಡಬೇಕು?

ಮಾವು, ಹಲಸಿನ ತೊಳೆ, ಸ್ಟ್ರಾಬೆರಿ, ಚಿಕ್ಕು, ಬಾಳೆ, ಹಸಿ ಬಟಾಣಿ, ಜೋಳದ ಕಾಳು, ಅನ್ನ, ಬೆಂದ ಬೇಳೆ, ಪನೀರು, ಮೊಸರು, ಬೇಯಿಸಿದ ಸಿಗಡಿ ಇವೆಲ್ಲ ಚೆನ್ನಾಗಿ ಒಣಗುತ್ತವೆ. ಕೊಬ್ಬು ಮಾತ್ರ ಒಣಗುವುದಿಲ್ಲ, ಏಕೆಂದರೆ ಅದರಲ್ಲಿ ತೆಗೆಯಲು ನೀರೇ ಇಲ್ಲ; ಬದಲಿಗೆ ರಂಧ್ರಗಳ ಮೂಲಕ ಒಳಬರುವ ಗಾಳಿಗೆ ಬೇಗ ಕಮಟು ಹಿಡಿಯುತ್ತದೆ. ಆದ್ದರಿಂದ ತುಪ್ಪ, ಬೆಣ್ಣೆ, ತೆಂಗಿನೆಣ್ಣೆ, ಶೇಂಗಾ ಚಟ್ನಿಗಳನ್ನು ಹಾಗೆಯೇ ಇಡಬೇಕು. ಬಿಸಿಬೇಳೆಬಾತನ್ನು ಒಣಗಿಸುವುದಾದರೆ ತುಪ್ಪವನ್ನೂ ಗೋಡಂಬಿಯನ್ನೂ ಕೊಬ್ಬರಿಯನ್ನೂ ಬಿಟ್ಟು ಮಾಡಿ, ಉಣ್ಣುವಾಗ ಮೇಲಿನಿಂದ ಒಗ್ಗರಣೆ ಹಾಕಿಕೊಳ್ಳಬೇಕು. ಜೇನುತುಪ್ಪ, ಬೆಲ್ಲದ ಪಾಕ, ಜಾಮುಗಳು ಅಂಟಾಗಿ ಉಬ್ಬುತ್ತವೆಯೇ ಹೊರತು ಒಣಗುವುದಿಲ್ಲ.

ಹಣ ಉಳಿಸಬೇಕೆನ್ನುವವರು ಇನ್ನೊಂದು ಪಟ್ಟಿಯನ್ನೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಮೆಣಸಿನಕಾಯಿ, ಮಜ್ಜಿಗೆ ಮೆಣಸು, ಸಂಡಿಗೆ, ಹಪ್ಪಳ, ಹುಣಸೆಹಣ್ಣು, ಗೋರಿಕಾಯಿ ಬಾಳಕಗಳನ್ನು ಬಿಸಿಲು ಪುಕ್ಕಟೆಯಾಗಿ, ಮತ್ತು ರುಚಿಯಲ್ಲಿ ಇನ್ನೂ ಚೆನ್ನಾಗಿ ಒಣಗಿಸುತ್ತದೆ. ದುಬಾರಿ ಯಂತ್ರದ ಸಮಯವನ್ನು ಬಿಸಿಲಿಗೆ ಹಾಳಾಗುವ ಪದಾರ್ಥಗಳಿಗೆ ಮೀಸಲಿಡುವುದು ವಿವೇಕ.

ಒಣಗಿಸುವ ಸಮಯವನ್ನು ಕಡಿಮೆ ಮಾಡುವುದು ಹೇಗೆ?

ತುಂಡಿನ ದಪ್ಪವೇ ಮುಖ್ಯ. ಆವಿಯು ಈಗಾಗಲೇ ಒಣಗಿದ ಪದರದ ಮೂಲಕವೇ ಹೊರಬರಬೇಕಾದ್ದರಿಂದ ದಪ್ಪ ಹೆಚ್ಚಿದಂತೆಲ್ಲ ಸಮಯವು ಅದಕ್ಕಿಂತಲೂ ವೇಗವಾಗಿ ಬೆಳೆಯುತ್ತದೆ. ಒಂದು ಸೆಂಟಿಮೀಟರಿಗಿಂತ ತೆಳುವಾಗಿ, ಎಲ್ಲವೂ ಒಂದೇ ಅಳತೆಯಲ್ಲಿ ಹೆಚ್ಚಬೇಕು. ದ್ರಾಕ್ಷಿ, ನೇರಳೆ, ಬಟಾಣಿಗಳ ಸಿಪ್ಪೆಯು ಆವಿಯನ್ನು ತಡೆಯುತ್ತದೆ. ಅವುಗಳನ್ನು ಸೀಳಬೇಕು ಅಥವಾ ಚುಚ್ಚಬೇಕು. ತಟ್ಟೆಗಳನ್ನು ಹಿಂದಿನ ದಿನವೇ ಮನೆಯ ಡೀಪ್ ಫ್ರೀಜರಿನಲ್ಲಿಟ್ಟು ಗಟ್ಟಿ ಮಾಡಿಕೊಂಡರೆ ಯಂತ್ರವು ಹಲವು ಗಂಟೆ ಬೇಗ ಕೆಲಸ ಮುಗಿಸುತ್ತದೆ. ಸಾರು, ಹುಳಿಗಳನ್ನು ಬತ್ತಿಸಿ ಗಟ್ಟಿ ಮಾಡಿ ಹಾಕಬೇಕು. ಒಲೆಯ ಮೇಲೆ ನೀರು ಇಂಗಿಸುವುದು ನಿರ್ವಾತದಲ್ಲಿ ಇಂಗಿಸುವುದಕ್ಕಿಂತ ಎಷ್ಟೋ ಅಗ್ಗ.

ಪೂರ್ತಿ ಒಣಗಿದೆಯೆಂದು ತಿಳಿಯುವುದು ಹೇಗೆ?

ಯಂತ್ರದ ಪರದೆ ಹೇಳುವುದನ್ನು ಮಾತ್ರ ನಂಬದೆ ಎರಡು ಪರೀಕ್ಷೆಗಳನ್ನು ಮಾಡಬೇಕು. ಮೊದಲನೆಯದು ಕೈಯ ಪರೀಕ್ಷೆ: ತಟ್ಟೆಯ ನಡುವಿನಿಂದ ಅತಿ ದಪ್ಪನೆಯ ತುಂಡನ್ನು ಆರಿಸಿ, ಎರಡಾಗಿ ಮುರಿದು, ಮುರಿದ ಮುಖವನ್ನು ಕೆನ್ನೆಗೆ ತಾಗಿಸಿ ನೋಡಬೇಕು. ಸರಿಯಾಗಿ ಒಣಗಿದ ತುಂಡು ಥರ್ಮಕೋಲಿನಂತೆ ಹಗುರವಾಗಿದ್ದು ಟಕ್ಕೆಂದು ಮುರಿಯುತ್ತದೆ, ಒಳಗೂ ಹೊರಗೂ ಒಂದೇ ಬಣ್ಣವಿರುತ್ತದೆ. ನಡುವೆ ಚಳಿ ತಾಗಿದರೆ, ಗಾಢ ಬಣ್ಣದ ಚುಕ್ಕೆ ಕಂಡರೆ ಅಥವಾ ತುಂಡು ಬಾಗಿದರೆ ಒಳಗೆ ನೀರು ಉಳಿದಿದೆ. ಎರಡನೆಯದು ತೂಕದ ಪರೀಕ್ಷೆ: ತಟ್ಟೆಯನ್ನು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ, ಮತ್ತೆ ಎರಡು ಗಂಟೆ ಯಂತ್ರದಲ್ಲಿಟ್ಟು, ಪುನಃ ತೂಗಬೇಕು. ತೂಕ ಇಳಿಯದಿದ್ದರೆ ಕೆಲಸ ಮುಗಿದಂತೆ.

ಫ್ರೀಜ್ ಡ್ರೈ ಮಾಡಿದರೆ ರೋಗಾಣುಗಳು ಸಾಯುತ್ತವೆಯೇ?

ಸಾಯುವುದಿಲ್ಲ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಪ್ರಯೋಗಾಲಯಗಳಲ್ಲಿ ಬ್ಯಾಕ್ಟೀರಿಯಗಳನ್ನು ಜೀವಂತವಾಗಿ ದೀರ್ಘಕಾಲ ಕಾಪಿಡಲು ಬಳಸುವ ವಿಧಾನವೇ ಇದು. ನೀರಿಲ್ಲದಿರುವವರೆಗೆ ಅವು ಬೆಳೆಯಲಾರವು. ನೀರು ಸೇರಿದ ಕೂಡಲೇ ಮತ್ತೆ ಚುರುಕಾಗುತ್ತವೆ. ಹಸಿ ಮಾಂಸ, ಹಸಿ ಮೊಟ್ಟೆಗಳಲ್ಲಿದ್ದ ಸಾಲ್ಮೊನೆಲ್ಲ ಒಣಗಿದ ಪುಡಿಯಲ್ಲೂ ಇರುತ್ತದೆ. ಆದ್ದರಿಂದ ಮಾಂಸ, ಮೊಟ್ಟೆ, ಮೀನುಗಳನ್ನು ಚೆನ್ನಾಗಿ ಬೇಯಿಸಿಯೇ ಒಣಗಿಸಬೇಕು, ತರಕಾರಿಗಳನ್ನು ಕುದಿನೀರಿನಲ್ಲಿ ಅದ್ದಿ ತೆಗೆಯಬೇಕು, ಹಣ್ಣುಗಳನ್ನು ಶುದ್ಧ ನೀರಿನಲ್ಲಿ ತೊಳೆದು ಶುಚಿಯಾದ ಕೈಯಿಂದ ಹೆಚ್ಚಬೇಕು. ಎಳೆಯ ಮಕ್ಕಳಿಗೆ ಕೊಡುವ ಹಾಲನ್ನು ಮನೆಯಲ್ಲಿ ಈ ರೀತಿ ಪುಡಿ ಮಾಡುವುದನ್ನು ನಾನು ಒಪ್ಪುವುದಿಲ್ಲ.

ಹೇಗೆ ಕಟ್ಟಿಡಬೇಕು, ಎಷ್ಟು ಕಾಲ ಬಾಳುತ್ತದೆ?

ಕಟ್ಟಿಡುವುದರಲ್ಲಿ ಜಿಪುಣತನ ಮಾಡಿದರೆ ಹಿಂದಿನ ಖರ್ಚೆಲ್ಲ ವ್ಯರ್ಥ. ಶೇ 1ರಿಂದ 4ರಷ್ಟು ಮಾತ್ರ ತೇವಾಂಶವಿರುವ ಈ ತುಂಡುಗಳು ಸುತ್ತಲಿನ ಗಾಳಿಯಿಂದ ನಿಮಿಷಗಳಲ್ಲಿ ನೀರು ಹೀರತೊಡಗುತ್ತವೆ. ಮಂಗಳೂರು, ಉಡುಪಿ, ಕಾರವಾರಗಳ ಮಳೆಗಾಲದಲ್ಲಂತೂ ತಟ್ಟೆ ಹೊರತೆಗೆದು ಬಾಗಿಲಿಗೆ ಯಾರೋ ಬಂದರೆಂದು ಎದ್ದು ಹೋಗಿ ಬರುವಷ್ಟರಲ್ಲಿ ಗರಿಗರಿತನ ಹೋಗಿರುತ್ತದೆ. ಚೀಲ, ಮುಚ್ಚಳ, ಸೀಲರ್ ಎಲ್ಲವನ್ನೂ ಸಿದ್ಧವಾಗಿಟ್ಟುಕೊಂಡೇ ಯಂತ್ರದ ಬಾಗಿಲು ತೆರೆಯಬೇಕು, ಎ.ಸಿ. ಇರುವ ಕೋಣೆಯಿದ್ದರೆ ಅಲ್ಲಿ ಕಟ್ಟುವುದು ಉತ್ತಮ.

ವರ್ಷಗಟ್ಟಲೆ ಇಡುವುದಕ್ಕೆ ಅಲ್ಯೂಮಿನಿಯಂ ಪದರವಿರುವ ಮೈಲಾರ್ ಚೀಲ ಮತ್ತು ಕಬ್ಬಿಣದ ಪುಡಿಯಿರುವ ಆಮ್ಲಜನಕ ಹೀರುವ ಪೊಟ್ಟಣ ಬೇಕು. ಸಾಧಾರಣ ಪ್ಲಾಸ್ಟಿಕ್ ಚೀಲದ ಮೂಲಕ ತೇವವೂ ಆಮ್ಲಜನಕವೂ ನಿಧಾನವಾಗಿ ಒಳನುಸುಳುತ್ತವೆ. ಎರಡು ಮೂರು ತಿಂಗಳಲ್ಲಿ ತಿಂದು ಮುಗಿಸುವುದಾದರೆ ಬಿಗಿ ಮುಚ್ಚಳದ ಗಾಜಿನ ಬಾಟಲಿಯೇ ಸಾಕು. ಆದರೆ ಪೂರ್ತಿ ಒಣಗದ, ಶೇ 10ಕ್ಕಿಂತ ಹೆಚ್ಚು ತೇವಾಂಶವಿರುವ ಪದಾರ್ಥದೊಂದಿಗೆ ಆಮ್ಲಜನಕ ಹೀರುವ ಪೊಟ್ಟಣವನ್ನು ಇಡಲೇಬಾರದು. ಆಮ್ಲಜನಕವಿಲ್ಲದ ಒದ್ದೆ ಆಹಾರದಲ್ಲಿ ಬಾಟ್ಯುಲಿಸಂ ಎಂಬ ಮಾರಕ ಕಾಯಿಲೆ ತರುವ ವಿಷ ಹುಟ್ಟುವ ಸಂಭವವಿರುತ್ತದೆ. ಇಪ್ಪತ್ತೈದು ವರ್ಷ ಬಾಳುತ್ತದೆಂಬ ಜಾಹೀರಾತುಗಳು ಕಾರ್ಖಾನೆಯಲ್ಲಿ ಮುಚ್ಚಿ, ತಂಪಾದ ಜಾಗದಲ್ಲಿ ಇಟ್ಟ ಡಬ್ಬಿಗಳನ್ನು ಕುರಿತವು. ನಮ್ಮ ಮನೆಗಳ ಸೆಕೆಯಲ್ಲಿ ಅಷ್ಟನ್ನು ನಿರೀಕ್ಷಿಸದೆ, ಹಣ್ಣು ತರಕಾರಿಗಳನ್ನು ಒಂದೆರಡು ವರ್ಷಗಳಲ್ಲಿ, ಕೊಬ್ಬಿನಂಶ ಇರುವುದನ್ನು ಕೆಲವೇ ತಿಂಗಳುಗಳಲ್ಲಿ ಬಳಸಿಬಿಡುವುದು ಸುರಕ್ಷಿತ.

ಮೊಸರನ್ನು ಒಣಗಿಸಿ ವಿದೇಶದಲ್ಲಿ ಹೆಪ್ಪಿಗೆ ಬಳಸಬಹುದೇ?

ಬಳಸಬಹುದು. ಮೊಸರಿನ ಬ್ಯಾಕ್ಟೀರಿಯಗಳಲ್ಲಿ ಒಂದು ಪಾಲು ಈ ಕ್ರಿಯೆಯಲ್ಲಿ ಬದುಕುಳಿಯುತ್ತವೆ. ಅಂಗಡಿಯಲ್ಲಿ ಸಿಗುವ ಹೆಪ್ಪಿನ ಪುಡಿಗಳು ತಯಾರಾಗುವುದೂ ಹೀಗೆಯೇ. ತಾಜಾ ಗಟ್ಟಿ ಮೊಸರನ್ನು ಬಟ್ಟೆಯಲ್ಲಿ ಸ್ವಲ್ಪ ನೀರಿಳಿಸಿ, ತಟ್ಟೆಯಲ್ಲಿ ತೆಳುವಾಗಿ ಹರಡಿ, ತಟ್ಟೆಯ ಶಾಖ 35 ಡಿಗ್ರಿ ದಾಟದಂತೆ ಒಣಗಿಸಿ, ಪುಡಿಯನ್ನು ಸಣ್ಣ ಸಣ್ಣ ಚೀಲಗಳಲ್ಲಿ ಕಟ್ಟಿ ಫ್ರೀಜರಿನಲ್ಲಿಡಬೇಕು. ಉಗುರುಬೆಚ್ಚಗಿನ ಹಾಲಿಗೆ ಒಂದು ಚಮಚ ಬೆರೆಸಿದರೆ ಮೊದಲ ಸಲ ಮೊಸರಾಗಲು ಹೆಚ್ಚು ಹೊತ್ತು ಬೇಕಾಗುತ್ತದೆ, ಆ ಮೊಸರಿನಿಂದ ಹೆಪ್ಪು ಹಾಕಿದ ಎರಡನೆಯದು ಗಟ್ಟಿಯಾಗಿ ಬರುತ್ತದೆ. ಹಾಲಿನ ಪದಾರ್ಥಗಳನ್ನು ತರುವುದಕ್ಕೆ ಹಲವು ದೇಶಗಳಲ್ಲಿ ನಿರ್ಬಂಧಗಳಿರುವುದರಿಂದ, ಆ ದೇಶದ ನಿಯಮವನ್ನು ಮೊದಲೇ ತಿಳಿದುಕೊಂಡು ವಿಮಾನ ನಿಲ್ದಾಣದಲ್ಲಿ ತಪ್ಪದೆ ಘೋಷಿಸಬೇಕು.

ಅಮೆರಿಕದಲ್ಲಿ ಕೊಂಡ ಯಂತ್ರವನ್ನು ಊರಿಗೆ ತಂದರೆ ಕೆಲಸ ಮಾಡುತ್ತದೆಯೇ?

ಅಲ್ಲಿನ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್; ಇಲ್ಲಿನದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ವಿನಾ ಹರ್ಟ್ಸನ್ನು ಬದಲಿಸುವುದಿಲ್ಲ. 60 ಹರ್ಟ್ಸ್‌ಗೆಂದು ಮಾಡಿದ ಮೋಟಾರುಗಳು ಇಲ್ಲಿ ನಿಧಾನವಾಗಿ ಓಡುತ್ತವೆ, ಹೆಚ್ಚು ಬಿಸಿಯಾಗುತ್ತವೆ. ತರುವುದಿದ್ದರೆ ಇಲ್ಲಿನ ವಿದ್ಯುತ್ತಿಗೆ ಹೊಂದುವ ಮಾದರಿಯನ್ನೇ ತರಿಸಬೇಕು. ಕಲಬುರಗಿ, ರಾಯಚೂರುಗಳ 40 ಡಿಗ್ರಿ ದಾಟುವ ಬೇಸಿಗೆಯಲ್ಲಿ ಕಂಪ್ರೆಸರಿಗೆ ಬಲೆಯನ್ನು ಸಾಕಷ್ಟು ತಣ್ಣಗಿಡುವುದೇ ಕಷ್ಟ; ಅಲ್ಲಿ ಚಳಿಗಾಲವೇ ಸರಿಯಾದ ಕಾಲ. ಅರ್ಧದಲ್ಲಿ ಕರೆಂಟು ಹೋದರೆ ಬಾಗಿಲು ತೆರೆಯದೆ ಕಾಯಬೇಕು. ಆಹಾರ ಇನ್ನೂ ಗಟ್ಟಿಯಾಗಿದ್ದರೆ ಮುಂದುವರಿಸಬಹುದು. ಕರಗಿ ಗಂಟೆಗಟ್ಟಲೆ ಬೆಚ್ಚಗಿದ್ದರೆ ಎಸೆಯಬೇಕು.

ತಿನ್ನುವಾಗ ಎಷ್ಟು ನೀರು ಹಾಕಬೇಕು?

ಒಣಗಿಸುವ ಮೊದಲು ಮತ್ತು ಆಮೇಲೆ ತೂಗಿ, ವ್ಯತ್ಯಾಸವನ್ನು ಚೀಲದ ಮೇಲೆ ಬರೆದಿಟ್ಟರೆ ಅಷ್ಟೇ ಗ್ರಾಂ ನೀರು ಹಾಕಿದರಾಯಿತು. ಅನ್ನ, ಬೇಳೆಗಳಿಗೆ ಕುದಿಯುವ ನೀರು ಹಾಕಿ ಮುಚ್ಚಿಡಬೇಕು. ಪನೀರಿಗೆ ತಣ್ಣೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸಬೇಕು. ನೀರು ಸೇರಿದ ಆಹಾರವು ತಾಜಾ ಅಡುಗೆಯಷ್ಟೇ ಬೇಗ ಕೆಡುವುದರಿಂದ ಎರಡು ಗಂಟೆಯೊಳಗೆ ತಿನ್ನಬೇಕು ಅಥವಾ ಫ್ರಿಜ್ಜಿನಲ್ಲಿಡಬೇಕು.

ಮಾರಾಟಕ್ಕೆ ಮಾಡಬಹುದೇ? ತರಬೇತಿ ಎಲ್ಲಿ ಸಿಗುತ್ತದೆ?

ಮನೆಯಿಂದ ಮಾರಿದರೂ ಎಫ್‌ಎಸ್‌ಎಸ್‌ಎಐ (ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ) ನೋಂದಣಿ ಕಡ್ಡಾಯ. ಆಹಾರ ಸಂಸ್ಕರಣೆಯ ವಿಷಯದಲ್ಲಿ ಕರ್ನಾಟಕದವರು ಅದೃಷ್ಟವಂತರು: 1950ರಲ್ಲಿ ಆರಂಭವಾದ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಮೈಸೂರಿನಲ್ಲಿದೆ, ಅಲ್ಪಾವಧಿಯ ತರಬೇತಿಗಳನ್ನು ನಡೆಸುತ್ತದೆ. ಸೈನಿಕರಿಗೆ ಆಹಾರ ರೂಪಿಸಲು 1961ರಲ್ಲಿ ಸ್ಥಾಪನೆಯಾದ, 1984ರಲ್ಲಿ ರಾಕೇಶ್ ಶರ್ಮಾ ಅವರ ಬಾಹ್ಯಾಕಾಶ ಯಾನಕ್ಕೂ ತಿನಿಸು ಸಿದ್ಧಪಡಿಸಿಕೊಟ್ಟ ರಕ್ಷಣಾ ಆಹಾರ ಪ್ರಯೋಗಾಲಯವೂ ಅದೇ ಊರಿನದು. ಕಿರು ಆಹಾರ ಘಟಕಗಳಿಗಾಗಿ ಕೇಂದ್ರ ಸರ್ಕಾರವು 2020ರಲ್ಲಿ ಆರಂಭಿಸಿದ ಪಿಎಂಎಫ್‌ಎಂಇ ಯೋಜನೆಯಲ್ಲಿ ಘಟಕದ ವೆಚ್ಚದ ಶೇ 35ರಷ್ಟು, ಗರಿಷ್ಠ ₹10 ಲಕ್ಷದವರೆಗೆ ಸಾಲಕ್ಕೆ ಜೋಡಿಸಿದ ಸಹಾಯಧನಕ್ಕೆ ಅವಕಾಶವಿತ್ತು. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂಬುದನ್ನು ಜಿಲ್ಲೆಯ ಕೃಷಿ ಇಲಾಖೆಯಲ್ಲಿ ವಿಚಾರಿಸಬೇಕು. ಮಾರುವವರು ಕೆನ್ನೆಗೆ ತಾಗಿಸಿ ನೋಡುವ ಪರೀಕ್ಷೆಯನ್ನು ನಂಬಿಕೊಂಡಿರಬಾರದು. ಪ್ರತಿ ಬಗೆಯ ಪದಾರ್ಥದ ನೀರಿನ ಚಟುವಟಿಕೆಯನ್ನು (ಸೂಕ್ಷ್ಮಜೀವಿಗಳ ಬೆಳವಣಿಗೆಗೆ ಎಷ್ಟು ನೀರು ಒದಗುತ್ತದೆ ಎಂಬುದರ ಅಳತೆ) ಪ್ರಯೋಗಾಲಯದಲ್ಲಿ ಅಳೆಯಿಸಿ, ಅದು 0.6ಕ್ಕಿಂತ ಕೆಳಗಿದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಚೀಲದ ಮೇಲೆ ಬಾಳಿಕೆಯ ದಿನಾಂಕವನ್ನು ಅಚ್ಚು ಹಾಕಿಸಬೇಕು.